ಬಕ್ಕಲಿನ ಮೇಲಿನ ಮೂರು ಗೀಟು

ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಇವತ್ತಿಗೂ ನಮ್ಮಪ್ಪನ ಹೆಸರೆತ್ತಿದರೆ, "ಯಾರು, ಕುಂಡಿಗೆ ವಿಭೂತಿ ಹಚ್ಚಿದ ಮುರುಗಪ್ಪನೇನು?" ಎಂದು ಕೇಳುತ್ತಾರೆ. ಕೇಳಿ ಕಿಸಕ್ಕನೆ ನಗುತ್ತಾರೆ. ನಗಲಿ, ಅವರ ಹಲ್ಲು ಉದುರಿಹೋಗಲಿ. ಅವರ ಅಪ್ಪ ಅಜ್ಜಂದಿರ ಎದೆಯ ಮೇಲೆ ತೂಗಾಡುತ್ತಿದ್ದ ಕರಡಿಗೆಗಳೆಲ್ಲ ನಮ್ಮಪ್ಪನ ಕೈಯಿಂದ ಹೋದವೇ ಎಂಬುದು ಒಬ್ಬರಿಗೂ ನೆನಪಿಲ್ಲ. ನಾನು ಅವನ ಒಬ್ಬಳೇ ಮಗಳು, ಅನ್ನಪೂರ್ಣ. ನನಗೆ ನೆನಪಿದೆ. ಅದಕ್ಕೇ ಹೇಳುತ್ತಿದ್ದೇನೆ.

ನಾವು ಲಿಂಗವಂತರೇ ಆದರೂ ಮನೆತನದ ಕಸುಬು ಬೆಳ್ಳಿ ಕೆಲಸ. ಅದರಲ್ಲೂ ಕರಡಿಗೆ. ಕೊರಳಿನ ಲಿಂಗವನ್ನು ಒಳಗಿಟ್ಟು ಶಿವದಾರಕ್ಕೆ ಕಟ್ಟಿ ಎದೆಯ ಮೇಲೆ ಧರಿಸುವ ಬೆಳ್ಳಿಯ ಪುಟ್ಟ ಭರಣಿಯದು. ದುರ್ಗದಲ್ಲಿ, ಹೊಸದುರ್ಗದ ಕಡೆ, ಹಿರಿಯೂರಿನ ಕಡೆ, ಯಾರ ಮನೆಯಲ್ಲಿ ಮಗು ಹುಟ್ಟಿದರೂ ನಮ್ಮ ಬಾಗಿಲಿಗೆ ಬರುತ್ತಿದ್ದರು. ನಮ್ಮಪ್ಪನಿಗೆ ತನ್ನ ಕೈಯ ಬಗ್ಗೆ ಬಲು ಜಂಬ. ಸುಳ್ಳೇಕೆ ಹೇಳಲಿ, ಅವನೇನು ತಲೆ ತಗ್ಗಿಸಿ ಕೂತು ದುಡಿಯುವ ಸಾಧು ಮನುಷ್ಯನಲ್ಲ. ಬೇರೆಯವರು ಮಾಡಿದ ಕರಡಿಗೆ ಕಂಡರೆ ಅಂಗೈ ಮೇಲಿಟ್ಟು, "ಇದೇನ್ರಿ, ಸುಣ್ಣದ ಡಬ್ಬಿನಾ?" ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಡುತ್ತಿದ್ದ.

ಆ ಜಂಬಕ್ಕೆ ಕಾರಣವೂ ಇತ್ತು. ಮೊದಲೆಲ್ಲ ಶಿವದಾರವನ್ನು ಬೇಕಾದಷ್ಟು ಉದ್ದಕ್ಕೆ ಗಂಟು ಹಾಕಿಕೊಳ್ಳುತ್ತಿದ್ದರು. ಗಂಟು ಸಡಿಲಾಗಿ ಲಿಂಗ ನೆಲಕ್ಕೆ ಬಿದ್ದರೆ ಮನೆಯಲ್ಲಿ ಹೆಣ ಬಿದ್ದಷ್ಟು ಗೋಳು. ಅದನ್ನು ತಪ್ಪಿಸಲು ನಮ್ಮಪ್ಪ ಬೆಳ್ಳಿಯದೊಂದು ಕೊಂಡಿ ಮಾಡಿದ್ದ. ಎರಡು ಸಣ್ಣ ತಗಡು, ನಡುವೆ ಅಲುಗಾಡುವ ಒಂದು ನಾಲಿಗೆ. ದಾರ ಅದರೊಳಗೆ ಹಾದುಹೋಗುತ್ತದೆ. ಲಿಂಗದ ಭಾರ ಕೆಳಕ್ಕೆ ಜಗ್ಗಿದಷ್ಟೂ ನಾಲಿಗೆ ದಾರವನ್ನು ಒತ್ತಿ ಹಿಡಿಯುತ್ತದೆ, ಬೆರಳಿಂದ ನಾಲಿಗೆ ಎತ್ತಿದರೆ ಬಿಡುತ್ತದೆ. ಹಲ್ಲಿಲ್ಲ, ಮುಳ್ಳಿಲ್ಲ, ದಾರಕ್ಕೆ ಒಂದು ಗೀರೂ ಬೀಳುವುದಿಲ್ಲ. ಅದಕ್ಕೆ ಅವನು 'ಕಚ್ಚು' ಎಂದು ಹೆಸರಿಟ್ಟಿದ್ದ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡಬೇಕು, ಎಲ್ಲ ಅನಾಹುತ ಆದದ್ದು ಅದರಿಂದಲೇ. ಕೆಲಸ ಮುಗಿದ ಮೇಲೆ ನಮ್ಮಪ್ಪ ಮಾಡಿದ ಒಡವೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಅಡಿಗಲ್ಲಿನ ಮೇಲಿಟ್ಟು, ಕಣ್ಣು ಮುಚ್ಚಿ "ಶಿವಾ" ಎಂದು, ಮೂತಿಯಲ್ಲಿ ಮೂರು ಗೀಟು ಕೊರೆದಿದ್ದ ಉಳಿಯಿಂದ ಒಂದೇ ಪೆಟ್ಟು ಹಾಕುತ್ತಿದ್ದ. ಬೆಳ್ಳಿಯ ಮೇಲೆ ಮೂರು ಅಡ್ಡ ಗೀಟು ಮೂಡುತ್ತಿದ್ದವು, ಹಣೆಯ ವಿಭೂತಿಯ ಹಾಗೆ. ಆ ಉಳಿ ಅವನ ಅಜ್ಜನ ಕಾಲದ್ದು. ಯಾವಾಗಲೋ ಕಲ್ಲಿನ ಮೇಲೆ ಬಿದ್ದು ಮೂಲೆ ಮುರಿದಿದ್ದರಿಂದ ನಡುವಿನ ಗೀಟು ಬಲಗಡೆ ಕೊಂಚ ಮೋಟು. ಆ ಮೋಟು ಗೀಟು ಕಂಡರೆ ಮುರುಗಪ್ಪನ ಕೆಲಸ ಎಂದು ಎಲ್ಲರಿಗೂ ಗೊತ್ತು. ಗೀಟು ಬೀಳುವ ತನಕ ಕೆಲಸ ಮುಗಿದಂತಲ್ಲ ಎಂಬುದು ಅವನ ರೂಢಿ.

ಹಿರಿಯೂರಿನ ಆಚೆ ಮಾರಿಕಣಿವೆಯಲ್ಲಿ ದೊಡ್ಡ ಕಟ್ಟೆ ಏಳುತ್ತಿದ್ದ ಕಾಲವದು. ನಾನು ಹೊಳಲ್ಕೆರೆಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ಹುಟ್ಟುವ ಮಗುವಿಗೆ ಕರಡಿಗೆ ಕೊಡುವುದು ತಾಯಿಯ ತವರಿನವರು. ನಮ್ಮಪ್ಪ ಕೈಯಲ್ಲಿದ್ದ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಅದಕ್ಕೇ ಕೂತಿದ್ದ. ಬಾದಾಮಿಯಷ್ಟು ಪುಟ್ಟದು, ಮುಚ್ಚಳದ ಮೇಲೆ ಬಿಲ್ವಪತ್ರೆ. "ಊರಿಗೆಲ್ಲ ಮಾಡಿದೆ ಕಣವ್ವ. ನನ್ನ ರಕ್ತದ್ದು ಅಂತ ಒಂದು ಎದೆ ಮ್ಯಾಲೆ ನನ್ನ ಗುರುತು ನೋಡ್ಬೇಕು. ಅಷ್ಟಾದ್ರೆ ಸಾಕು" ಎನ್ನುತ್ತಿದ್ದ. ಅವನಿಗೆ ಗಂಡುಮಕ್ಕಳಿರಲಿಲ್ಲ. ಅವನ ಆಸೆಯೆಲ್ಲ ಆ ಬಾದಾಮಿಯಷ್ಟು ಬೆಳ್ಳಿಯಲ್ಲಿತ್ತು.

ಅಷ್ಟರಲ್ಲಿ ದರ್ಜಿ ಮಾರಣ್ಣ ಬಂದ. ಮಾರಿಕಣಿವೆಯ ಕೆಲಸಗಾರರಿಗೆ, ಮೇಲಿನವರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದವನು. ಅವನ ಕೈಯಲ್ಲಿ ಎರಡು ಉದ್ದನೆಯ ಪಟ್ಟಿ, ತುದಿಗೆ ತೊಗಲಿನ ಕಿವಿಗಳು.

"ಇದೇನಪ್ಪ, ಕತ್ತೆ ಜೀನಾ?" ಎಂದಳು ನಮ್ಮವ್ವ ಶಿವಗಂಗಮ್ಮ.

"ಗ್ಯಾಲಿಸು ಕಣವ್ವ. ಷರಾಯಿ ಜಾರದಂಗೆ ಹೆಗಲ ಮ್ಯಾಲಿಂದ ಹಾಕ್ಕಳ್ಳಾದು. ಕಟ್ಟೆ ಓವರ್ಸಿಯರ್ ಸಾಹೇಬ್ರದು."

ಸಂಗತಿ ಇಷ್ಟು. ಸೀಮೆಯಿಂದ ಬಂದ ಆ ಪಟ್ಟಿಗಳನ್ನು ಬಿಗಿಯುವ ಕೊಂಡಿಗೆ, ಅದೇ ಬಕ್ಕಲಿಗೆ, ಹಲ್ಲುಗಳಿದ್ದವು. ಪಟ್ಟಿ ಜಾರದಂತೆ ಹಿಡಿಯುವುದು ಆ ಹಲ್ಲಿನ ಕೆಲಸ. ಹಿಡಿದು ಹಿಡಿದು ಪಟ್ಟಿಯನ್ನೇ ಅಗಿದು ಹಾಕಿದ್ದವು. ಓವರ್ಸಿಯರಿಗೆ ಹೊಟ್ಟೆ ದೊಡ್ಡದು, ಸೊಂಟ ಇಲ್ಲವೇ ಇಲ್ಲ. ಮೈಸೂರಿನಿಂದ ದೊಡ್ಡವರು ಬಂದು ಕಟ್ಟೆ ನೋಡುತ್ತಿದ್ದಾಗ, ಅವರೆದುರು ನಿಂತು ಕೈ ಎತ್ತಿ ಏನೋ ತೋರಿಸಹೋಗಿ, ಪಟ್ಟಿ ಹರಿದು, ಷರಾಯಿ ಮೊಣಕಾಲಿಗೆ ಬಂದಿತ್ತು. ನಮ್ಮವ್ವ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮಪ್ಪ ನಗಲಿಲ್ಲ. ಬಕ್ಕಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ಹಲ್ಲು ಯಾಕ್ಬೇಕು ಇದಕ್ಕೆ? ನಮ್ಮ ಕಚ್ಚು ಸಾಲದಾ?" ಎಂದ.

ಹಿತ್ತಾಳೆಯಲ್ಲಿ ದೊಡ್ಡ ಕಚ್ಚು ಮಾಡಿದ. ಪಟ್ಟಿ ಪೋಣಿಸಿ, ಮನೆಯ ತೊಲೆಗೆ ಕಟ್ಟಿ, ಕೆಳಗೆ ರಾಗಿ ಚೀಲ ತೂಗುಬಿಟ್ಟ. ಚೀಲ ತೂಗುತ್ತಿರುವಾಗ ಗಟ್ಟಿಯಾಗಿ ನಿಂತಿತು. ಚೀಲವನ್ನು ಕೊಂಚ ಎತ್ತಿ ಬಿಟ್ಟರೆ ಸರ್ರನೆ ಜಾರಿ ನೆಲಕ್ಕೆ ಬಿತ್ತು. ಆಗ ಅವನಿಗೆ ತಿಳಿಯಿತು. ಲಿಂಗ ಎದೆಯ ಮೇಲೆ ಸುಮ್ಮನೆ ತೂಗುತ್ತದೆ, ಭಾರ ಒಂದೇ ಸಮ. ಮನುಷ್ಯನ ಷರಾಯಿ ಹಾಗಲ್ಲ. ಕೂತರೆ ಪಟ್ಟಿ ಸಡಿಲ, ಎದ್ದರೆ ಬಿಗಿ. ಸಡಿಲಾದ ಗಳಿಗೆಯಲ್ಲಿ ನಾಲಿಗೆ ಬಾಯಿ ಬಿಡುತ್ತಿತ್ತು. ಮತ್ತೆ ಕೂತ. ಮಾಡಿದ್ದನ್ನು ಮುರಿದ, ಮತ್ತೆ ಮಾಡಿದ. ಮನೆ ತುಂಬ ರಾಗಿ ಚೆಲ್ಲಾಡಿತು.

"ರಾಗಿ ಚೀಲಕ್ಕೂ ಒಂದು ಷರಾಯಿ ಹೊಲಿಸ್ಬಿಡ್ರಿ, ಅದರ ಮಾನನೂ ಉಳೀಲಿ" ಎಂದು ಅವ್ವ ಗೊಣಗಿದಳು.

ಕೊನೆಗೆ ನಾಲಿಗೆಯ ಬೆನ್ನಿಗೆ ಒಂದು ಸಣ್ಣ ಮೆಟ್ಟಿಲು ಕೊರೆದ. ಪಟ್ಟಿ ಸಡಿಲಾದರೂ ನಾಲಿಗೆ ಆ ಮೆಟ್ಟಿಲಿಗೆ ಆತು ಕೂರುತ್ತಿತ್ತು, ಬೆರಳು ಹಾಕಿ ಎತ್ತಿದರೆ ಮಾತ್ರ ಏಳುತ್ತಿತ್ತು. ಚೀಲವನ್ನು ಎತ್ತಿದ, ಬಿಟ್ಟ, ಕುಣಿಸಿದ. ಜಾರಲಿಲ್ಲ. ಎದೆಯ ಕಡೆಗೆ ಎರಡು, ಬೆನ್ನ ಕೆಳಗೆ ಪಟ್ಟಿಗಳು ಕೂಡುವಲ್ಲಿ ಒಂದು ದೊಡ್ಡದು ಮಾಡಿ, ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ತೊಳೆದ. ಅಡಿಗಲ್ಲಿನ ಮೇಲಿಟ್ಟ. ಕಣ್ಣು ಮುಚ್ಚಿ "ಶಿವಾ" ಎಂದ. ಉಳಿಯ ಪೆಟ್ಟು ಬಿತ್ತು.

ನಾನು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ನನಗಾಗಲಿ ಅವ್ವನಿಗಾಗಲಿ ಏನೂ ಅನ್ನಿಸಲಿಲ್ಲ. ಆ ಪೆಟ್ಟಿನ ಸದ್ದು ನಮ್ಮ ಮನೆಯಲ್ಲಿ ಒಲೆಯ ಸದ್ದಿನಷ್ಟೇ ಮಾಮೂಲು.

ಓವರ್ಸಿಯರಿಗೆ ಬಕ್ಕಲು ಎಷ್ಟು ಹಿಡಿಸಿತೆಂದರೆ, ಸಿಕ್ಕಸಿಕ್ಕವರಿಗೆ ಕೋಟು ಬಿಚ್ಚಿ ಬೆನ್ನು ತಿರುಗಿಸಿ ತೋರಿಸುತ್ತಿದ್ದನಂತೆ. ನಮ್ಮ ಗ್ರಹಚಾರಕ್ಕೆ ಪಂಚಾಕ್ಷರಪ್ಪನವರಿಗೂ ತೋರಿಸಿದ. ಪಂಚಾಕ್ಷರಪ್ಪನವರೆಂದರೆ ನಮ್ಮ ಬೀದಿಯ ಜವಳಿ ಅಂಗಡಿಯವರು, ಬೀದಿಗೆ ಹಿರಿಯರು, ಅವರು ಕೆಮ್ಮಿದರೆ ಹತ್ತು ಜನ ಎದ್ದು ನಿಲ್ಲಬೇಕು. ಬಟ್ಟೆಯ ವ್ಯಾಪಾರಕ್ಕೆಂದು ಮಾರಿಕಣಿವೆಗೆ ಹೋಗಿದ್ದರು. ಆ ದೊಡ್ಡ ಕುಂಡಿಯ ಮೇಲೆ, ತೊಗಲಿನ ಕಿವಿಯ ಪಕ್ಕದಲ್ಲಿ, ಮೂರು ಗೀಟು ಕಂಡವು. ನಡುವಿನದು ಬಲಗಡೆ ಮೋಟು.

ದುರ್ಗಕ್ಕೆ ಬಂದವರೇ ಅಂಗಡಿಯ ಜಗುಲಿಯ ಮೇಲೆ ನಾಲ್ಕು ಜನರನ್ನು ಸೇರಿಸಿ ನಮ್ಮಪ್ಪನನ್ನು ಕರೆಸಿದರು. ನಾನೂ ಅವ್ವನೂ ಬೀದಿಯ ಈಚೆ ಬಾಗಿಲಲ್ಲೇ ನಿಂತು ಕೇಳಿದೆವು.

"ಏನಪ್ಪ ಮುರುಗಪ್ಪ, ಆ ಬಕ್ಕಲು ಮಾಡಿದ್ದು ನೀನೇನು?"

"ಹೌದ್ರಿ. ಯಾಕೆ, ಜಾರ್ತೇನು?"

"ಜಾರಿದ್ದು ನಿನ್ನ ಬುದ್ಧಿ. ಅದರ ಮ್ಯಾಲೆ ಏನು ಕೊರ್ದೀಯ?"

ಆಗ, ಆ ಗಳಿಗೆಯಲ್ಲಿ ನಮ್ಮಪ್ಪನಿಗೆ ಹೊಳೆಯಿತು. ಮುಖ ಬೂದಿಯಂತಾಯಿತು.

"ಹಣೆ ಮ್ಯಾಲೆ ಧರಿಸೋದನ್ನ ತೊಗಲಿಗೆ ಹೊಲಿಸಿ ಕುಂಡಿ ಮ್ಯಾಲೆ ಇಟ್ಟೀಯಲ್ಲೋ! ಅದನ್ನ ಹಾಕ್ಕಂಡೇ ಆವಯ್ಯ ಬಯಲುಕಡೆಗೆ ಹೋಗ್ತಾನೆ. ಅದೇ ಉಳಿಲಿ ನಮ್ಮ ಮಕ್ಕಳ ಕರಡಿಗೆಗೂ ಹೊಡಿತೀಯ. ಏನಂತೀಯ ಇದಕ್ಕೆ?"

ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕೇಳಿ ನಮ್ಮಪ್ಪನಿಗೆ ನೆತ್ತಿಗೇರಿತು.

"ಗುರುತು ಬೀಳದೆ ನನ್ನ ಕೈಯಿಂದ ಯಾವ ಕೆಲಸನೂ ಹೊರಗೆ ಹೋಗಿಲ್ಲ. ರೂಢಿ. ಕೈ ಹೊಡೆದುಬಿಡ್ತು. ಆವಯ್ಯ ಎಲ್ಲಿ ಹಾಕ್ಕಂತಾನೆ ಅಂತ ನಾನು ಹಿಂದೆ ಹಿಂದೆ ಓಡಾಡ್ಲೇನ್ರಿ?" ಎಂದು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದು ಬಂದ.

ಅವತ್ತಿನಿಂದ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಮಾಡಲು ಕೊಟ್ಟಿದ್ದ ಬೆಳ್ಳಿಯನ್ನು ಅರ್ಧ ಕೆಲಸದಲ್ಲೇ ವಾಪಸು ಒಯ್ದರು. ಕೆಲವರು ಎದೆಯ ಮೇಲಿದ್ದ ಕರಡಿಗೆಯನ್ನೇ ಬದಲಾಯಿಸಿದರು. ಇದನ್ನು ಮಠದ ತನಕ ಒಯ್ಯೋಣ, ತಿಳಿದವರನ್ನು ಕೇಳೋಣ ಎಂದು ಒಬ್ಬರಾದರೂ ಅಂದರೇ? ಇಲ್ಲ. ಕೇಳಿದರೆ ಅವರು ನಕ್ಕು ಕಳಿಸಿಬಿಟ್ಟಾರು ಎಂಬ ಅಂಜಿಕೆ. ಬೀದಿಯವರಿಗೆ ಬೇಕಾಗಿದ್ದದ್ದು ನ್ಯಾಯವಲ್ಲ, ಜಂಬದ ಮುರುಗಪ್ಪನ ಮೂಗು ಮಣ್ಣಿಗೆ ತಾಗುವುದು. ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಸುದ್ದಿ ಹೊಳಲ್ಕೆರೆಗೂ ಹೋಯಿತು. ನಮ್ಮತ್ತೆ ದ್ಯಾಮಮ್ಮ ಹೇಳಿಕಳಿಸಿದಳು: ಮಗುವಿನ ಕರಡಿಗೆ ನಾವೇ ಬೇರೆ ಕಡೆ ತರುತ್ತೇವೆ, ನೀವು ಮಾಡುವುದು ಬೇಡ.

ಅದನ್ನು ಕೇಳಿದ ಮೇಲೆ ನಮ್ಮಪ್ಪ ಊಟ ಬಿಟ್ಟ. ಬಾದಾಮಿಯಂಥ ಕರಡಿಗೆ ಎಲ್ಲ ಮುಗಿದು, ಗುರುತಿನ ಪೆಟ್ಟೊಂದೇ ಬಾಕಿ ಇತ್ತು. ಮಗು ಹುಟ್ಟಿದ ದಿನ ಹೊಡೆಯುತ್ತೇನೆ ಎಂದು ಎತ್ತಿಟ್ಟಿದ್ದ.

"ಹೋಗಿ ತಪ್ಪಾಯ್ತು ಅನ್ರಿ. ನಿಮ್ಮ ಬಿಂಕ ಮಗೀನ ಕೊರಳಿಗಿಂತ ದೊಡ್ಡದಾ?" ಎಂದಳು ಅವ್ವ.

ಹೋದ. ಅಪ್ಪ ತಲೆ ಬಗ್ಗಿಸಿ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಪಂಚಾಕ್ಷರಪ್ಪನವರು ಗಾದಿಯಿಂದ ಏಳಲೂ ಇಲ್ಲ.

"ಆ ಉಳಿ ಇಲ್ಲಿ ಇಟ್ಟು ಹೋಗು. ಇನ್ನು ಆ ಗುರುತು ಯಾವುದಕ್ಕೂ ಬೀಳಬಾರದು. ಮೊಮ್ಮಗೀಗೆ ಕರಡಿಗೆ ಕಟ್ಟು, ಯಾರೂ ಬ್ಯಾಡ ಅನ್ನಲ್ಲ. ಹೊಳಲ್ಕೆರೆಗೆ ನಾನೇ ಹೇಳಿಕಳಿಸ್ತೀನಿ."

ಅಜ್ಜನ ಕಾಲದ ಉಳಿಯನ್ನು ವಸ್ತ್ರದಿಂದ ಬಿಚ್ಚಿ ಅವರ ಗಾದಿಯ ಅಂಚಿಗೆ ಇಟ್ಟು, ಕೈ ಮುಗಿದು, ಬರಿಗೈಯಲ್ಲಿ ಬಂದ. "ಗುರುತಿಲ್ದಿದ್ರೆ ಇಲ್ದಂಗಾಗ್ಲಿ. ಕೊರಳಿಗೆ ಬಿದ್ರೆ ಸಾಕು" ಎಂದ. ಬಂದು ಒಂದು ಚೊಂಬು ನೀರು ಕುಡಿದ.

ನನಗೆ ಗಂಡುಮಗು ಹುಟ್ಟಿತು. ಲಿಂಗ ಕಟ್ಟಲು ಅಯ್ಯನವರು ಬಂದು ಕೂತರು. ಅತ್ತೆಯೂ ನನ್ನ ಗಂಡನೂ ಹೊಳಲ್ಕೆರೆಯಿಂದ ಗಾಡಿಯಲ್ಲಿ ಬಂದರು. ಹಿತ್ತಾಳೆ ತಟ್ಟೆಯಲ್ಲಿ ನಮ್ಮಪ್ಪನ ಕರಡಿಗೆ ಇತ್ತು. ಅತ್ತೆ ಅದನ್ನು ಎರಡೇ ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿದಳು.

"ಇದರ ಮ್ಯಾಲೆ ಗುರುತೇ ಇಲ್ಲಲ್ಲ ಬೀಗ್ರೆ?"

"ಉಳಿ ಕೊಟ್ಟುಬಿಟ್ಟೀನಿ ಕಣಮ್ಮ. ಪಂಚಾಕ್ಷರಪ್ಪನೋರು ಹೇಳಿಕಳಿಸಿರಬೇಕಲ್ಲ?"

"ನಮಗ್ಯಾರೂ ಏನೂ ಹೇಳಿಲ್ಲ. ಗುರುತಿದ್ರೆ ಅದು ಕುಂಡಿ ಮ್ಯಾಲಿನ ಗುರುತು. ಇಲ್ದಿದ್ರೆ ಅರ್ಧಕ್ಕೆ ಬಿಟ್ಟ ಕೆಲಸ. ಎರಡೂ ನಮ್ಮ ಮಗೀಗೆ ಬ್ಯಾಡ" ಎಂದು ಕರಡಿಗೆಯನ್ನು ತಟ್ಟೆಯಿಂದ ಕೆಳಗಿಟ್ಟು, ಸೆರಗಿನ ಗಂಟಿನಿಂದ ತಾನು ಕೊಂಡು ತಂದಿದ್ದನ್ನು ತೆಗೆದಳು. ಸುಣ್ಣದ ಡಬ್ಬಿಯಂಥದೇ ಒಂದು.

ಬಾಣಂತಿ ಎಂಬುದನ್ನೂ ಮರೆತು ನಾನು ಕಿರುಚಿದೆ. "ನನ್ನ ಮಗ ಅತ್ತೆ ಅದು! ನಮ್ಮಪ್ಪ ಯಾರ ಕಾಲು ಹಿಡಿದು ಬಂದವ್ನೆ ಗೊತ್ತಾ?" ಎಂದೆ. ನನ್ನ ಗಂಡ ಗೋಡೆ ನೋಡುತ್ತಾ ಕೂತಿದ್ದ. ಅಯ್ಯನವರು, "ಗಲಾಟೆ ಬ್ಯಾಡ, ಮಗು ಬೆದರ್ತದೆ" ಎಂದು ಕೊಟ್ಟದ್ದನ್ನು ಕಟ್ಟಿದರು. ಪಂಚಾಕ್ಷರಪ್ಪನವರನ್ನೂ ಕರೆದಿದ್ದೆವು. ಬಾಗಿಲ ಬಳಿ ಕೂತಿದ್ದರು. ಹೇಳಿಕಳಿಸುತ್ತೇನೆ ಎಂದಿದ್ದ ಮಾತನ್ನು ಅವರು ಆಗ ಹೇಳಬಹುದಾಗಿತ್ತು. ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದರು.

ನಮ್ಮಪ್ಪ ನೆಲದ ಮೇಲಿದ್ದ ಕರಡಿಗೆಯನ್ನು ಎತ್ತಿ ಒರೆಸಿ, ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ.

ಆಮೇಲೆ ಅವನು ಬೆಳ್ಳಿ ಮುಟ್ಟಲಿಲ್ಲ. ಬಾಗಿಲ ಚಿಲಕ, ಪೆಟ್ಟಿಗೆಯ ಕೀಲು, ಮದಕರಿಪುರದ ಕಡೆಯ ಕುರಿಗಾರರಿಗೆ ಕುರಿಯ ಕೊರಳ ಕಿರುಗಂಟೆ, ಇಂಥವನ್ನು ಮಾಡಿಕೊಂಡು ಬದುಕಿದ. ಕುರಿಗಾರ ಎತ್ತಪ್ಪ ಎಂಬವನು ಒಮ್ಮೆ, "ಗಂಟೆ ಮ್ಯಾಲೆ ನಿನ್ನ ಗೀಟು ಹಾಕು ಯಜಮಾನ, ನಮಗೇನೂ ಅಡ್ಡಿಯಿಲ್ಲ" ಎಂದನಂತೆ. "ಉಳಿ ಇಲ್ಲಪ್ಪ" ಎಂದು ನಮ್ಮಪ್ಪ ತಲೆಯಾಡಿಸಿದ. ಮಾರಿಕಣಿವೆಯ ಕಟ್ಟೆ ಮುಗಿಯಿತು. ಓವರ್ಸಿಯರು ಬಕ್ಕಲು ಬಿಗಿದುಕೊಂಡು ಬೇರೆಲ್ಲಿಗೋ ವರ್ಗವಾಗಿ ಹೋದ. ನಮ್ಮವ್ವ ತೀರಿಕೊಂಡಳು. ನಾನು ಹೊಳಲ್ಕೆರೆಯಿಂದ ಬಂದಾಗಲೆಲ್ಲ ಅಪ್ಪ ನನ್ನ ಮಗ ಶಿವಕುಮಾರನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಎದೆಯ ಮೇಲಿದ್ದ ಆ ಡಬ್ಬಿಯನ್ನು ಮಾತ್ರ ನೋಡದೆ, ಮಾತಾಡಿಸುತ್ತಿದ್ದ.

ಮಗ ಬೆಳೆದ, ನಾಲ್ಕಕ್ಷರ ಇಂಗ್ಲಿಷ್ ಕಲಿತ. ದುರ್ಗಕ್ಕೂ ರೈಲು ಬಂದ ವರ್ಷ ಅವನಿಗೆ ಚಿಕ್ಕಜಾಜೂರಿನ ಸ್ಟೇಷನ್ನಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರುವ ಮೊದಲು ಅಜ್ಜನ ಆಶೀರ್ವಾದ ತೆಗೆದುಕೊಳ್ಳಲೆಂದು ನಾನೂ ಅವನೂ ದುರ್ಗಕ್ಕೆ ಬಂದೆವು. ಹೊಸ ಷರಾಯಿ ಹೊಲಿಸಿದ್ದ. ಬೀದಿಗೆ ಹೋಗಿ ಬಂದವನು, "ಅವ್ವಾ, ಗ್ಯಾಲಿಸು ತಂದೆ, ಪಂಚಾಕ್ಷರಪ್ಪನೋರ ಅಂಗಡೀಲಿ. ಬೆಂಗ್ಳೂರು ಮಾಲಂತೆ, ಹಲ್ಲಿಲ್ಲ, ಪಟ್ಟಿ ಹರಿಯಲ್ವಂತೆ" ಎಂದು ಬಿಚ್ಚಿ ತೋರಿಸಿದ.

ನಾನು ಕೈಗೆ ತೆಗೆದುಕೊಂಡೆ. ಹಿತ್ತಾಳೆಯ ಬಕ್ಕಲು. ಎರಡು ತಗಡು, ನಡುವೆ ನಾಲಿಗೆ. ಮೇಲೆ ಮೂರು ಗೀಟು, ನಡುವಿನದು ಬಲಗಡೆ ಮೋಟು. ಯಾವ ಪುಣ್ಯಾತ್ಮ ಓವರ್ಸಿಯರಿನ ಬಕ್ಕಲು ನೋಡಿ ಅಚ್ಚು ತೆಗೆದನೋ, ಗೀಟು ಅಲಂಕಾರವೆಂದುಕೊಂಡು ಅದನ್ನೂ ಬಿಡದೆ, ಮುರಿದ ಮೂಲೆಯ ಸಮೇತ ಎತ್ತಿಬಿಟ್ಟಿದ್ದ. ಅದನ್ನು ಹಿಡಿದುಕೊಂಡೇ ಬೀದಿ ದಾಟಿ ಓಡಿದೆ.

ಪಂಚಾಕ್ಷರಪ್ಪನವರ ಅಂಗಡಿಯ ಮುಂದೆ ಗ್ಯಾಲಿಸುಗಳು ಪಡವಲಕಾಯಿಯಂತೆ ತೂಗಾಡುತ್ತಿದ್ದವು. ಅವರಿಗೆ ವಯಸ್ಸಾಗಿತ್ತು, ಗಾದಿ ಮಾತ್ರ ಅದೇ.

"ಇದೇನ್ರಿ ಇದು?" ಎಂದು ಬಕ್ಕಲನ್ನು ಮೂಗಿನ ಹತ್ತಿರ ಹಿಡಿದೆ. "ನಮ್ಮಪ್ಪನ ಗುರುತಲ್ವೇನ್ರಿ? ಇವಾಗ ಇದು ಯಾರ ಕುಂಡಿ ಮ್ಯಾಲೆ ಹೋಗ್ತದೆ? ಇವಾಗ ತೊಗಲು ಮುಟ್ಟಲ್ವೇನ್ರಿ?"

ಅವರು ಕನ್ನಡಕ ಏರಿಸಿ ನೋಡಿದರು. ಕೊಂಚವೂ ಬೆದರಲಿಲ್ಲ.

"ಇದು ಮಿಷನ್ ಹಾಕಿದ ಗೀಟು ಕಣವ್ವ. ಮಿಷನ್ಗೆ ಏನು ಗೊತ್ತು ವಿಭೂತಿ? ಕೈಲಿ ಹಾಕಿದ್ರೆ ತಪ್ಪು. ಇದು ಬರೀ ಮಾಲು."

ಥೂ ಎಂದು ಉಗಿಯಬೇಕೆನಿಸಿತು. ಅಷ್ಟರಲ್ಲಿ ಅಂಗಡಿಯ ಆಳು ಬಟ್ಟೆಯ ಮೂಟೆಯ ಹಗ್ಗ ಬಿಚ್ಚುತ್ತಿದ್ದುದು ಕಣ್ಣಿಗೆ ಬಿತ್ತು. ಗಂಟಿನೊಳಗೆ ಅವನು ತೂರಿಸಿ ತಿರುವುತ್ತಿದ್ದದ್ದು ನಮ್ಮ ಉಳಿ. ಇಷ್ಟು ವರ್ಷ ಅವರು ಅದನ್ನು ಹಗ್ಗ ಬಿಚ್ಚಲು ಇಟ್ಟುಕೊಂಡಿದ್ದರು. ನಾನು ಆಳಿನ ಕೈಯಿಂದ ಕಿತ್ತುಕೊಂಡೆ.

"ತಗಂಡು ಹೋಗವ್ವ, ನಮಗ್ಯಾಕೆ ಅದು" ಎಂದರು ಪಂಚಾಕ್ಷರಪ್ಪನವರು, ನೊಣ ಓಡಿಸುವವರ ಹಾಗೆ.

ಮನೆಗೆ ಬಂದು ಉಳಿಯನ್ನೂ ಬಕ್ಕಲನ್ನೂ ಅಪ್ಪನ ಮುಂದಿಟ್ಟೆ. ಒಳಗೆ ಹೋಗಿ ಬಟ್ಟೆಯ ಗಂಟು ಬಿಚ್ಚಿ ಆ ಬಾದಾಮಿಯಂಥ ಕರಡಿಗೆಯನ್ನೂ ತಂದೆ. "ಹೊಡಿ ಅಪ್ಪ ಗುರುತು. ಇವತ್ತೇ ನಾನು ಇವನಿಗೆ ಕಟ್ತೀನಿ. ಅತ್ತೆ ಬಂದು ಏನ್ ಮಾಡ್ತಾಳೋ ಮಾಡ್ಲಿ" ಎಂದೆ. ಶಿವಕುಮಾರನಿಗೆ ಮುಜುಗರ. ಆದರೂ ಅಜ್ಜನ ಮುಖ ನೋಡಿ, "ಹೂಂ ಅಜ್ಜ, ಕಟ್ಕಂತೀನಿ" ಎಂದ. ಅಷ್ಟು ಒಳ್ಳೆಯವನು ನನ್ನ ಮಗ.

ನಮ್ಮಪ್ಪ ಮೊದಲು ಕೈಗೆ ತೆಗೆದುಕೊಂಡದ್ದು ಬಕ್ಕಲನ್ನು. ಉಗುರಿನಿಂದ ನಾಲಿಗೆ ಎತ್ತಿ ನೋಡಿದ. "ಮೆಟ್ಟಿಲು ಆಳ ಇಲ್ಲ. ಕುಂತೇಳುವಾಗ ಜಾರ್ತದೆ" ಎಂದು ಅರ ತರಿಸಿ, ಮೆಟ್ಟಿಲನ್ನು ತಿಕ್ಕಿ ಆಳ ಮಾಡಿದ. ಆಮೇಲೆ ಮೊಮ್ಮಗನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ, ಪಟ್ಟಿ ಪೋಣಿಸಿ ತಾನೇ ಬಿಗಿದ. ಮೂರು ಗೀಟಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ.

"ಅಂತೂ ನನ್ನ ಗುರುತು ನನ್ನ ರಕ್ತದ ಮೈ ಮ್ಯಾಲೆ ಬಂತು ನೋಡವ್ವ" ಎಂದ.

"ಕರಡಿಗೆ ಅಪ್ಪ, ಕರಡಿಗೆಗೆ ಹೊಡಿ" ಎಂದೆ ಅಳುತ್ತಾ.

ಅಪ್ಪ ಉಳಿಯನ್ನು ಅಗ್ಗಿಷ್ಟಿಕೆಯ ಕೆಂಡದೊಳಗೆ ಇಟ್ಟು ಊದತೊಡಗಿದ. ಕೆಂಪಗೆ ಕಾದ ಮೇಲೆ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದ. ಮೂರು ಗೀಟೂ ಮುಚ್ಚಿಹೋಗಿ ಉಳಿಯ ಮೂತಿ ಚಪ್ಪಟೆಯಾಯಿತು. ನಾನು ಅವನ ಕೈ ಹಿಡಿಯಹೋದೆ, ಬಿಡಿಸಿಕೊಂಡ.

"ಬ್ಯಾಡ ಕಣವ್ವ. ಅದು ಈಗ ಷರಾಯಿ ಗುರುತು. ಊರಾಗೆ ಎಷ್ಟು ಜನದ ಬೆನ್ನ ಕೆಳಗೈತೋ. ಅದನ್ನ ಲಿಂಗದ ಮ್ಯಾಲೆ ನಾನು ಹೆಂಗೆ ಹೊಡೀಲಿ?"

ಬೀದಿಯವರು ಯಾವ ಮಾತು ಹೇಳಿ ಅವನನ್ನು ಮುರಿದಿದ್ದರೋ ಅದೇ ಮಾತು ಅವನ ಬಾಯಲ್ಲಿ ಬಂತು. ಅದನ್ನು ಕೇಳಿ ನನ್ನ ಅಳು ನಿಂತುಹೋಯಿತು. ಶಿವಕುಮಾರ ರೈಲಿಗೆ ಹೊತ್ತಾಯಿತೆಂದು ಅಜ್ಜನ ಕಾಲಿಗೆ ಬಿದ್ದು ಹೊರಟ. ಬೀದಿಯ ತುದಿ ದಾಟುವ ತನಕ ನಮ್ಮಪ್ಪ ಬಾಗಿಲಲ್ಲಿ ನಿಂತು ಅವನ ಬೆನ್ನನ್ನೇ ನೋಡಿದ.

ಆಮೇಲೆ ಅವನು ಬಹಳ ದಿನ ಬದುಕಲಿಲ್ಲ. ಕರಡಿಗೆ ನನ್ನ ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ಹುಣಸೆಹಣ್ಣಿನಲ್ಲಿ ತೊಳೆದು ಒರೆಸಿಡುತ್ತೇನೆ. ನಮ್ಮಪ್ಪನ ಲೆಕ್ಕದಲ್ಲಿ ಅದು ಇನ್ನೂ ಮುಗಿಯದ ಕೆಲಸ.